ಹದಿನಾಲ್ಕು ಅಂದರೆ ಎಷ್ಟು?

ಬೀದಿ ದೀಪ ಇನ್ನೂ ಆರಿಲ್ಲ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಕಿಟಕಿಗೆ ಬೆಳಕಿದೆ. ಒಳಗೆ ಶಾಲು ಹೊದ್ದ ಹೆಂಗಸೊಬ್ಬರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಭೂಮಿಯ ಆಚೆ ಮಗ್ಗುಲಿನ ಶಾಲೆಯೊಂದರ ಗುಮಾಸ್ತೆಯ ಜೊತೆ ಮಾತಾಡುತ್ತಿದ್ದಾರೆ. ಅಲ್ಲಿ ಈಗ ಶಾಲೆ ಬಿಡುವ ಹೊತ್ತು. ಗುಮಾಸ್ತೆ ಬೀಗ ಹಾಕಿ ಮನೆ ಕಡೆ ಹೊರಡುವ ಮುಂಚೆ ಹಿಡಿಯಬೇಕು. ಇಲ್ಲದಿದ್ದರೆ ಇವತ್ತಿನ ಕೆಲಸ ನಾಳೆಗೆ ಬಿತ್ತು.

“ನಿಮ್ಮಲ್ಲಿ ಹದಿನಾಲ್ಕು ಅಂದ್ರೆ ಎಷ್ಟು ಒಳ್ಳೇದು?” ಎಂದು ಕೇಳುತ್ತಾರೆ. “ಹೌದು, ಇಪ್ಪತ್ತಕ್ಕೆ ಹದಿನಾಲ್ಕು. ಇಡೀ ಕ್ಲಾಸಲ್ಲಿ ಎಷ್ಟು ಮಕ್ಕಳಿಗೆ ಬಂದಿದೆ? ಮೂರೇ ಜನಕ್ಕಾ? ಮತ್ತೆ ಹದಿನೆಂಟು ಯಾರಿಗೂ ಬರಲ್ವಾ?”

ಆ ಕಡೆಯಿಂದ ಜೋರು ನಗು. ಇವರೂ ನಗುತ್ತಲೇ ಫೋನ್ ಇಟ್ಟು ಇತ್ತ ತಿರುಗುತ್ತಾರೆ. “ಹದಿನೆಂಟು ಬರಬೇಕಾದ್ರೆ ಮೇಷ್ಟ್ರೇ ಕೂತು ಪರೀಕ್ಷೆ ಬರೀಬೇಕಂತೆ. ಅವರಿಗೂ ಬರುತ್ತೆ ಅಂತ ಗ್ಯಾರಂಟಿ ಇಲ್ವಂತೆ.”

ಇವರ ಕೆಲಸ ಇಷ್ಟೇ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಬೇರೆ ಬೇರೆ ದೇಶಗಳ ಮಕ್ಕಳ ಅಂಕಪಟ್ಟಿಗಳನ್ನು ಓದಿ, ಅಲ್ಲಿನವರಿಗೆ ಅರ್ಥವಾಗುವ ಗ್ರೇಡಿಗೆ ತಂದು ಕೊಡುವುದು. ಕೇಳಿದರೆ ಕ್ಯಾಲ್ಕುಲೇಟರ್ ಮಾಡುವ ಕೆಲಸ ಅನ್ನಿಸುತ್ತದೆ. ಇಪ್ಪತ್ತಕ್ಕೆ ಹದಿನಾಲ್ಕೆಂದರೆ ನೂರಕ್ಕೆ ಎಪ್ಪತ್ತು, ಒಂದನೇ ಕ್ಲಾಸಿನ ಲೆಕ್ಕ. ಆದರೆ ಅಮೆರಿಕದ ಶಾಲೆಯಲ್ಲಿ ಎಪ್ಪತ್ತು ತೆಗೆದ ಮಗು ಮನೆಯಲ್ಲಿ ಬೈಸಿಕೊಳ್ಳುತ್ತದೆ. ಈ ಗುಮಾಸ್ತೆಯ ಶಾಲೆಯಲ್ಲಿ ಹದಿನಾಲ್ಕು ತೆಗೆದ ಮಗುವಿನ ಫೋಟೋ ಗೋಡೆ ಮೇಲೆ ಹಾಕುತ್ತಾರೆ. ಬರೀ ಭಾಗಾಕಾರ, ಗುಣಾಕಾರ ಮಾಡಿ ಕಳಿಸಿದರೆ ಜಾಣ ಮಗು ದಡ್ಡ ಮಗುವಾಗಿ ಅಮೆರಿಕ ಮುಟ್ಟುತ್ತದೆ.

“ಒಂದು ದೇಶದಲ್ಲಿ ‘ಒಂದು’ ಬಂದ್ರೆ ಅವನೇ ಫಸ್ಟು. ಪಕ್ಕದ ದೇಶದಲ್ಲಿ ‘ಒಂದು’ ಬಂದ್ರೆ ಗೋತಾ. ನಡುವೆ ಇರೋದು ಒಂದು ಹೊಳೆ, ಅಷ್ಟೆ,” ಎನ್ನುತ್ತಾ ಮುಂದಿನ ಕಡತ ಬಿಚ್ಚುತ್ತಾರೆ.

ಕಚೇರಿಯಲ್ಲಿ ಇವರನ್ನು ‘ತಕ್ಕಡಿ ಅಕ್ಕ’ ಅನ್ನುತ್ತಾರೆ. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಈಗ ಎದುರಿಗೇ. ಮೇಜಿನ ಮೇಲೆ ಎರಡು ಕಂಪ್ಯೂಟರ್ ಪರದೆ, ದಪ್ಪ ಭೂತಗನ್ನಡಿ, ಮುರಿದ ಹಿಡಿಯ ಕಪ್ಪಿನಲ್ಲಿ ಪೆನ್ಸಿಲ್ಲುಗಳು. ಪರಭಾಷೆಯ ಲಿಪಿಗಳಲ್ಲಿ ‘ಗಣಿತ’, ‘ಚರಿತ್ರೆ’, ‘ವ್ಯಾಯಾಮ’ ಎಂಬಷ್ಟನ್ನು ಓದಲು ಬರುತ್ತದೆ. “ಆ ದೇಶಗಳಿಗೆ ಹೋದ್ರೆ ಒಂದು ಲೋಟ ನೀರು ಕೇಳೋಕೂ ಬರಲ್ಲ. ಆದ್ರೆ ಹುಡುಗ ರಸಾಯನಶಾಸ್ತ್ರದಲ್ಲಿ ಪಾಸೋ ಫೇಲೋ ಹೇಳ್ಬಲ್ಲೆ.” ಮಾಮೂಲು ದಿನಗಳಲ್ಲಿ ಹತ್ತು ಹನ್ನೆರಡು ಕಡತ. ಅರ್ಜಿಗಳ ಹಂಗಾಮಿನಲ್ಲಿ ಅದರ ಎರಡರಷ್ಟು. ಆಗ ರಜೆ ಎಂಬ ಪದ ಬಾಯಿಗೆ ಬರಬಾರದು. ವರದಿಯ ಕೆಳ ಮೂಲೆಯಲ್ಲಿ ಎರಡಕ್ಷರದ ಸಹಿ, ಅದನ್ನು ಓದುವವರು ಯಾರೂ ಇಲ್ಲ.

ಮೊದಲು ಅವರು ಗಣಿತದ ಟೀಚರು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದಾಗ, ಟೈಪಿಂಗ್ ಕೆಲಸಕ್ಕೆಂದು ಈ ಕಚೇರಿಗೆ ಬಂದರು. ಟೈಪು ಮಾಡುತ್ತಾ ಮಾಡುತ್ತಾ ಪ್ರಶ್ನೆ ಕೇಳತೊಡಗಿದರು. ಪ್ರಶ್ನೆಗಳ ಕಾಟ ತಾಳಲಾರದೆ ಮೇಲಿನವರು ಅವರನ್ನೇ ಅಂಕಪಟ್ಟಿ ಓದುವ ಕುರ್ಚಿಯಲ್ಲಿ ಕೂರಿಸಿದರು ಎಂದು ಅವರೇ ತಮಾಷೆ ಮಾಡುತ್ತಾರೆ. ಯಜಮಾನರು ಬೇಕರಿಯಲ್ಲಿ ಹಿಟ್ಟು ನಾದುವವರು. ಹಾಗಾಗಿ ಊರು ಮಲಗಿರುವಾಗಲೇ ಇವರ ಮನೆಯಲ್ಲಿ ಇಬ್ಬರೂ ಚಪ್ಪಲಿ ಮೆಟ್ಟಿರುತ್ತಾರೆ.

ಕಷ್ಟ ಯಾವುದೆಂದು ಕೇಳಿದರೆ ಕಣ್ಣುರಿ ಅನ್ನುವುದಿಲ್ಲ, ಬೆನ್ನುನೋವು ಅನ್ನುವುದಿಲ್ಲ. “ನೆಂಟರು,” ಅನ್ನುತ್ತಾರೆ. ಆಮೇಲೆ ಹೋದ ವರ್ಷದ ಮುಂಚಿನ ವರ್ಷ ನಡೆದದ್ದನ್ನು, ಕೈಲಿದ್ದ ಪೆನ್ಸಿಲ್ ಕೆಳಗಿಟ್ಟು, ಹೇಳುತ್ತಾರೆ.

ಅವರ ಅಣ್ಣನಿಗೆ ಒಬ್ಬಳೇ ಮಗಳು. ಓದುವ ಹುಡುಗಿ, ಭೌತಶಾಸ್ತ್ರವೆಂದರೆ ಊಟ ಬಿಟ್ಟು ಕೂರುವವಳು. ಅವಳೂ ಅಮೆರಿಕಕ್ಕೆ ಅರ್ಜಿ ಹಾಕಲು ಹೊರಟಳು. ಹುಡುಗಿಯ ಕಡತ ಎಲ್ಲಿಗೆ ಬರುತ್ತದೆಂದು ಗೊತ್ತಾದದ್ದೇ ತಡ, ಅಣ್ಣ ಅತ್ತಿಗೆ ಇಬ್ಬರೂ ಹಣ್ಣಿನ ಚೀಲ ಹಿಡಿದು ಮನೆಗೆ ಬಂದರು.

“ನೋಡಮ್ಮ, ನಾವೇನು ಸುಳ್ಳು ಬರಿ ಅಂತಿಲ್ಲ,” ಎಂದು ಅತ್ತಿಗೆ ಶುರುಮಾಡಿದರು. “ಎಲ್ಲಿ ಬಿ ಆಗೋ ಹಾಗಿದ್ಯೋ ಅಲ್ಲಿ ಸ್ವಲ್ಪ ಎ ಕಡೆ ವಾಲಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?”

“ವಾಲಿಸೋಕೆ ಅದೇನು ನೀರಿನ ಕೊಡವಾ ಅತ್ತಿಗೆ? ಮನೆಯವರ ಕಡತ ಬಂದ್ರೆ ಹೇಳಿ ಬೇರೆಯವರಿಗೆ ಕೊಡ್ಬೇಕು, ಅದು ನಮ್ಮ ಆಫೀಸಿನ ರೂಲು. ನಾನು ಅದನ್ನ ಬಿಚ್ಚೋದೂ ಇಲ್ಲ.”

ಅಣ್ಣ ಹಣ್ಣಿನ ಚೀಲ ಅಲ್ಲೇ ಬಿಟ್ಟು ಎದ್ದರು. ಮಾರನೆಯ ದಿನ ಇವರು ಹೇಳಿದಂತೆಯೇ ಮಾಡಿದರು. ಆ ಕಡತ ಪಕ್ಕದ ಮೇಜಿನವರಿಗೆ ಹೋಯಿತು. ಬ್ಯಾಂಕಿನಿಂದ ನಿವೃತ್ತರಾಗಿ ಬಂದವರಾದ್ದರಿಂದ ಅವರನ್ನು ಎಲ್ಲರೂ ‘ಬ್ಯಾಂಕಿನವರು’ ಅನ್ನುತ್ತಾರೆ, ಅಚ್ಚುಕಟ್ಟಿನ ಮನುಷ್ಯ.

ವಾರಗಳು ಕಳೆದವು. ಒಂದು ಸಂಜೆ ಅಣ್ಣ ಬಂದವರೇ ಚಪ್ಪಲಿ ಕೂಡ ಬಿಡದೆ, ವರದಿಯನ್ನೂ ಹುಡುಗಿಯ ಮೂಲ ಅಂಕಪಟ್ಟಿಯನ್ನೂ ಅವರ ಮುಂದೆ ಎಸೆದರು. “ತಗೋ, ನಿನ್ನ ಆಫೀಸಿನ ನ್ಯಾಯ ನೋಡು. ಭೌತಶಾಸ್ತ್ರದಲ್ಲಿ ಶಾಲೆಗೇ ಮೊದಲು ಬಂದವಳಿಗೆ ಬಿ ಕೊಟ್ಟಿದ್ದೀರ. ನೀನು ಮಾಡಿಕೊಡ್ಲಿಲ್ಲ, ಹೋಗ್ಲಿ, ಹಾಳೂ ಮಾಡಿಸ್ಬೇಕಿತ್ತಾ?”

ಅಷ್ಟು ಹೇಳಿ ಹೋದರು. ಇವರು ಎರಡೂ ಕಾಗದ ನೋಡಿದರು. ಅಂಕಪಟ್ಟಿಯ ಬೆನ್ನಿಗೆ ಆ ಶಾಲೆಯ ಅಳತೆ ಅಚ್ಚಾಗಿತ್ತು. ಹಿಂದಿನ ವರ್ಷದವರೆಗೆ ಎಪ್ಪತ್ತೈದು ದಾಟಿದರೆ ಅತ್ಯುತ್ತಮ ದರ್ಜೆ. ಆ ವರ್ಷ ಮೌಲ್ಯಮಾಪನ ಬಿಗಿ ಮಾಡಿದ್ದರಿಂದ ಅರವತ್ತೈದು ದಾಟಿದರೆ ಸಾಕು. ಹುಡುಗಿಗೆ ಬಂದಿದ್ದು ಅರವತ್ತೆಂಟು. ಶಾಲೆ ಕಳಿಸಿದ ಪ್ರತಿಯಲ್ಲಿ ಮುಂಬದಿ ಮಾತ್ರ ಸ್ಕ್ಯಾನ್ ಆಗಿತ್ತು. ಕಚೇರಿಯಲ್ಲಿದ್ದದ್ದು ಹಳೆಯ ಅಳತೆ. ಬ್ಯಾಂಕಿನವರ ತಪ್ಪೂ ಅಲ್ಲ. ಅವರ ಜಾಗದಲ್ಲಿ ಯಾರು ಕೂತಿದ್ದರೂ ಬಿ ಎಂದೇ ಬರೆಯುತ್ತಿದ್ದರು.

“ಅತ್ತ ದರಿ, ಇತ್ತ ಪುಲಿ,” ಎಂದು ತಕ್ಕಡಿ ಅಕ್ಕ ಆ ಸಂಜೆಯನ್ನು ನೆನೆಯುತ್ತಾರೆ. “ಬಾಯಿ ಬಿಟ್ರೆ, ಅಣ್ಣನ ಮಗಳಿಗೋಸ್ಕರ ಬಂದ್ಲು ಅಂತಾರೆ. ಬಿಡದಿದ್ರೆ, ಮಗು ಓದಿದ್ದೆಲ್ಲ ನೀರಲ್ಲಿ ಹೋಮ. ಅವಳೊಬ್ಬಳದ್ದಾ? ಆ ಶಾಲೆಯಿಂದ ಅರ್ಜಿ ಹಾಕಿದ ಎಲ್ಲರದ್ದೂ.”

ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದರು. ಅವರು ಕೇಳಿಸಿಕೊಂಡು ಮಜ್ಜಿಗೆ ಕುಡಿದು ಲೋಟ ಇಟ್ಟರು. “ಹಿಟ್ಟು ಕೆಟ್ಟಿದೆ ಅಂತ ಗೊತ್ತಾದ್ಮೇಲೆ, ಬ್ರೆಡ್ಡು ಯಾರ ಮನೆಗೆ ಹೋಗುತ್ತೆ ಅಂತ ನೋಡ್ಕೊಂಡು ಕೂರ್ತೀವೇನೇ? ಕೂಗಿ ಹೇಳ್ಬೇಕು. ಬೈದ್ರೆ ಬೈಸ್ಕೊ.”

ಬೆಳಿಗ್ಗೆ ಮೇಲ್ವಿಚಾರಕಿ ಬರುವುದನ್ನೇ ಕಾದು, ಬಾಗಿಲಲ್ಲೇ ಹೇಳಿದರು. ಯಾವ ಕಾಗದ, ಯಾರು ತಂದರು, ಹೇಗೆ ಕಣ್ಣಿಗೆ ಬಿತ್ತು, ಒಂದನ್ನೂ ಮುಚ್ಚಿಡಲಿಲ್ಲ.

“ನಿಮ್ಮ ಅಣ್ಣನ ಮಗಳದ್ದು, ಅಲ್ವಾ?” ಮೇಲ್ವಿಚಾರಕಿ ಕನ್ನಡಕ ತೆಗೆದರು.

“ಹೌದು ಮೇಡಂ. ಅದಕ್ಕೇ ನಾನು ಆ ಕಡತ ಮುಟ್ಟಲ್ಲ. ನನ್ನ ಮಾತೂ ನಂಬ್ಬೇಡಿ. ಶಾಲೆಗೆ ನೀವೇ ಫೋನ್ ಮಾಡಿ, ಹಿಂಬದಿ ಕಳಿಸಿ ಅಂತ ಕೇಳಿ. ಈ ವರ್ಷ ಅಲ್ಲಿಂದ ಬಂದ ಎಲ್ಲಾ ಕಡತ ತೆಗೆದು ನೋಡಿ.”

“ವಿಚಾರಣೆ ಮುಗಿಯೋವರೆಗೂ ನಿಮ್ಮನ್ನ ಈ ಕುರ್ಚಿಯಲ್ಲಿ ಕೂರಿಸೋಕಾಗಲ್ಲ. ಗೊತ್ತಲ್ಲ?”

“ಗೊತ್ತು ಮೇಡಂ.”

ಹಂಗಾಮು ನೆತ್ತಿಗೇರಿದ್ದ ಹೊತ್ತಿನಲ್ಲಿ ತಕ್ಕಡಿ ಅಕ್ಕನನ್ನು ಟಪಾಲಿನ ಕೋಣೆಗೆ ಕಳಿಸಲಾಯಿತು. ಲಕೋಟೆ ಒಡೆಯುವುದು, ಸೀಲು ಹೊಡೆಯುವುದು, ಜೋಡಿಸುವುದು. ಊಟದ ಮೇಜಿನಲ್ಲಿ ಇವರು ಕೂತರೆ ಮಾತು ನಿಲ್ಲುತ್ತಿತ್ತು. ‘ಎಷ್ಟಾದ್ರೂ ರಕ್ತ ಸಂಬಂಧ’ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅತ್ತ ಅಣ್ಣನ ಮನೆಯಲ್ಲಿ ಫೋನ್ ಎತ್ತುವವರಿಲ್ಲ. ಇತ್ತ ಕಚೇರಿಗೂ ಬೇಡ, ಅತ್ತ ನೆಂಟರಿಗೂ ಬೇಡ. “ಸೀಲು ಹೊಡೆಯೋದು ಒಂಥರಾ ಚೆನ್ನಾಗಿತ್ತು,” ಅನ್ನುತ್ತಾರೆ ಅವರು. “ಸಿಟ್ಟೆಲ್ಲ ಅದರ ಮೇಲೇ ಹೋಗ್ತಿತ್ತು. ಆ ತಿಂಗಳು ನಾನು ಹೊಡೆದ ಸೀಲು ಆಚೆ ಬದಿಗೂ ಮೂಡಿದೆ.”

ಶಾಲೆಗೆ ಫೋನ್ ಮಾಡಿದವರು ಬ್ಯಾಂಕಿನವರೇ. ತಾವು ಬರೆದ ವರದಿಯನ್ನು ತಾವೇ ಸರಿಪಡಿಸುತ್ತೇನೆಂದು ಕೇಳಿಕೊಂಡರು. ಹಿಂಬದಿ ಬಂತು, ಹೊಸ ಅಳತೆ ಸಿಕ್ಕಿತು. ಆ ಶಾಲೆಯ ಅಷ್ಟೂ ಮಕ್ಕಳ ವರದಿಗಳು ತಿದ್ದುಪಡಿಯಾಗಿ, ಕ್ಷಮಾಪಣೆಯ ಸಮೇತ ವಿಶ್ವವಿದ್ಯಾಲಯಗಳಿಗೆ ಹೋದವು. ಬ್ಯಾಂಕಿನವರು ಟಪಾಲಿನ ಕೋಣೆಯ ಬಾಗಿಲಿಗೆ ಬಂದು ನಿಂತು, “ಏಳಿ ಅಕ್ಕ, ನಿಮ್ಮ ಕುರ್ಚಿ ಖಾಲಿ ಇದೆ. ಆ ಇಪ್ಪತ್ತರ ಲೆಕ್ಕದವರ ಕಡತ ಗುಡ್ಡ ಬಿದ್ದಿದೆ, ನಮಗ್ಯಾರಿಗೂ ಹರಿಯಲ್ಲ,” ಎಂದರು. ಈಗ ಹಿಂಬದಿಯಿಲ್ಲದ ಅಂಕಪಟ್ಟಿಯನ್ನು ಆ ಕಚೇರಿ ಸ್ವೀಕರಿಸುವುದೇ ಇಲ್ಲ.

ಎಲ್ಲವೂ ಸುಖಾಂತವಾಗಲಿಲ್ಲ. ಹುಡುಗಿ ಆಸೆಪಟ್ಟಿದ್ದ ವಿಶ್ವವಿದ್ಯಾಲಯ, ತಿದ್ದಿದ ವರದಿ ತಲುಪುವಷ್ಟರಲ್ಲಿ ಪಟ್ಟಿ ಮುಚ್ಚಿತ್ತು. ಮತ್ತೊಂದು ಕರೆಯಿತು, ಅಲ್ಲಿಗೇ ಹೋಗಿದ್ದಾಳೆ. ಹೊರಡುವ ಮುನ್ನ ಒಬ್ಬಳೇ ಬಂದು ಅತ್ತೆಯ ಅಡುಗೆಮನೆಯ ಕಟ್ಟೆ ಮೇಲೆ ಕೂತಳಂತೆ.

“ಅತ್ತೆ, ನಮ್ಮ ಸ್ಕೂಲಲ್ಲಿ ಎಲ್ಲರದ್ದೂ ತಿದ್ದಿ ಬಂತು. ನೀವು ಹೇಳಿದ್ರಾ?”

“ಹೇಳ್ದೆ.”

“ಅಪ್ಪಂಗೆ ಯಾಕೆ ಹೇಳ್ಲಿಲ್ಲ?”

“ನಿನಗೋಸ್ಕರ ಮಾಡಿದ್ದು ಅಂದ್ಕೋತಾನೆ. ಎಲ್ಲರದ್ದೂ ಸರಿ ಮಾಡಿದ್ರು, ಅದರಲ್ಲಿ ನಿಂದೂ ಇತ್ತು, ಅಷ್ಟೆ ಕಣೆ.”

ಹುಡುಗಿ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ. ಮರುದಿನವೇ ಅಣ್ಣ ಬಂದರು, ಈ ಸಲ ಚಪ್ಪಲಿ ಬಿಟ್ಟು. ಮನೆಯ ತೊಟ್ಟಿಕ್ಕುವ ನಲ್ಲಿಯನ್ನು ಬಿಚ್ಚಿ ರಿಪೇರಿ ಮಾಡಿ ಹೋದರು. “ನಮ್ಮಣ್ಣ ಸಾರಿ ಅನ್ನೋದು ಹಾಗೇ,” ಎನ್ನುತ್ತಾರೆ ತಂಗಿ.

ಅತ್ತಿಗೆಯ ಮುನಿಸು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ. ಪರಿಚಯದವರು ಯಾರಾದರೂ ಮಕ್ಕಳ ಅಂಕಪಟ್ಟಿ ಹಿಡಿದು, ನಿಮ್ಮ ನಾದಿನಿಗೆ ಒಂದು ಮಾತು ಹೇಳಿ ಎಂದು ಬಂದರೆ ಬಾಗಿಲಲ್ಲೇ ತಡೆಯುತ್ತಾರಂತೆ.

“ಏನು ಹೇಳ್ತಾರೆ ಗೊತ್ತಾ?” ತಕ್ಕಡಿ ಅಕ್ಕ ಶಾಲು ಸರಿಮಾಡಿಕೊಂಡು, ಥೇಟ್ ಅತ್ತಿಗೆಯ ದನಿ ತೆಗೆಯುತ್ತಾರೆ. “‘ಅವಳ ಹತ್ರ ಹೋಗಿ ಸುಮ್ನೆ ಚಪ್ಪಲಿ ಸವೆಸ್ಬೇಡಿ. ಒಡಹುಟ್ಟಿದ ಅಣ್ಣನ ಮಗಳಿಗೇ ಅರ್ಧ ಅಂಕ ಹಾಕ್ಲಿಲ್ಲ, ನಿಮಗೆ ಹಾಕ್ತಾಳಾ?’ ಬೀದಿಗೆಲ್ಲ ಸಾರ್ಕೊಂಡು ಬಂದಿದ್ದಾರೆ.”

ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡು, ಅವರು ಮುಂದಿನ ಅಂಕಪಟ್ಟಿಯನ್ನು ಹತ್ತಿರಕ್ಕೆಳೆದುಕೊಳ್ಳುತ್ತಾರೆ.

“ಬೈಗುಳ ಅಂತ ಅವರು ಅಂದ್ಕೊಂಡಿದ್ದಾರೆ, ಪಾಪ. ನಾನೂ ತಿದ್ದೋಕೆ ಹೋಗಿಲ್ಲ.”