ಅಕ್ಕ ಹಿಡಿದಿಟ್ಟ ಅಪ್ಪನ ತಾಳ

ಅಕ್ಕನ ಬಲಗೈ ತೋರುಬೆರಳಿನ ಉಗುರು ಅರ್ಧಕ್ಕೇ ನಿಂತಿತ್ತು. ಚಿಕ್ಕವಳಿದ್ದಾಗ, ಅಪ್ಪ ತೆಂಗಿನಕಾಯಿ ಸುಲಿಯುತ್ತಿದ್ದ ಕಬ್ಬಿಣದ ಗೂಟದ ಮೊನೆಗೆ ಬೆರಳು ತಗುಲಿಸಿಕೊಂಡಿದ್ದಳಂತೆ. ಆ ಮೊಂಡು ಬೆರಳಿನಲ್ಲೇ ಅವಳು ತಿಪಟೂರಿನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದಳು. ಕಿವಿ ಪಳಗಿದ್ದು ಮಾತ್ರ ನಮ್ಮ ಅಟ್ಟದ ಮೇಲೆ. ಕೊಬ್ಬರಿಗೆಂದು ಹಾಕಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, "ಇದ್ರಲ್ಲಿ ಇನ್ನೂ ನೀರೈತೆ, ಇರ್ಲಿ" ಎಂದು ಪಕ್ಕಕ್ಕಿಡುವಳು. ನಂಬದೆ ಒಡೆದು ನೋಡಿದವರು ಪೆಚ್ಚಾಗುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷ ಅವಳು ಯಾರೋ ಬಳಸಿ ಬಿಟ್ಟ ಸಿಂಥಸೈಜರ್ ಒಂದನ್ನು ಮನೆಗೆ ತಂದಳು. ಮೇಲೆ ಸದ್ದು, ವೇಗ ಹೊಂದಿಸುವ ತಿರುಪುಗಳು, ಕೆಳಗೆ ಸಾಲಾಗಿ ಹದಿನಾರು ಗುಂಡಿ. ಸಾಲಿನ ಮೇಲೆ ಕೆಂಪು ಬೆಳಕೊಂದು ಎಡದಿಂದ ಬಲಕ್ಕೆ ಓಡಿ ಮತ್ತೆ ಮೊದಲಿಗೆ ಬರುತ್ತದೆ. ಒತ್ತಿಟ್ಟ ಗುಂಡಿಗೆ ಬಂದಾಗ ಸದ್ದು, ಒತ್ತದ ಗುಂಡಿಗೆ ಬಂದಾಗ ಮೌನ. ಅದಕ್ಕೆ ಸ್ಟೆಪ್ ಸೀಕ್ವೆನ್ಸರ್ ಅನ್ನುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅಕ್ಕ ಹೇಳಿಕೊಟ್ಟಿದ್ದು ಇಷ್ಟೇ: "ಖಾಲಿ ಬಿಟ್ಟಿರೋದೂ ಲೆಕ್ಕಕ್ಕೈತೆ ಕಣ್ಲಾ. ಎಲ್ಲಾ ಒತ್ತಿದ್ರೆ ತಾಳ ಅಲ್ಲ, ಆಲಿಕಲ್ಲು ಮಳೆ."

ಆಗ ತಾನೇ ನಾನು ಅಪ್ಪನ ಜಾಗದಲ್ಲಿ ಸುಲಿಯಲು ನಿಂತಿದ್ದೆ. ಅಂಗೈ ಕಿತ್ತುಹೋಗಿತ್ತು. ಹಾಲ್ಕುರಿಕೆಯ ತೋಟದವರೊಬ್ಬರು ನೋಡಿ, "ನಿಮ್ಮಪ್ಪ ಸುಲೀತಿದ್ರೆ ಜನ ನಿಂತು ನೋಡೋರು. ನೀನು ಕಾಯಿ ಜೊತೆ ಕುಸ್ತಿಗ್ ಬಿದ್ದಿದ್ದೀಯಲ್ಲಪ್ಪ! ಇನ್ನೊಂದಷ್ಟು ದಿನ ನೋಡ್ತೀನಿ, ಆಮೇಲೆ ಬೇರೆಯವರನ್ನ ಕರೀತೀನಿ" ಎಂದರು.

ಅಕ್ಕ ಅಪ್ಪನ ಸುಲಿತದ ಸದ್ದನ್ನು ನೆನೆದು ಗುಂಡಿಗಳಲ್ಲಿ ಕೂಡಿಸಿದಳು. ಗೂಟಕ್ಕೆ ಕಾಯಿ ಕುಕ್ಕುವ ದಪ್ಪ ಸದ್ದು, ಒಂದು ಬಿಡುವು, ನಾರಿನ ಮಟ್ಟೆ ಸೀಳುವ ಚರ್, ಕಾಯಿ ತಿರುಗಿಸುವಷ್ಟು ಬಿಡುವು, ಮತ್ತೆ ಚರ್. ಬೆಳಗ್ಗೆ ನಾನು ಗೂಟದ ಮುಂದೆ ನಿಂತರೆ ಆ ಸಿಂಥಸೈಜರ್ ಪೆಟ್ಟಿಗೆಯನ್ನು ನಿಧಾನಕ್ಕೆ ಓಡಿಸುವಳು. "ಬಿಡುವು ಬಂದಾಗ ಉಸುರು ಬುಡು. ಮುಂದಕ್ಕೆ ಹಾರ್ಬೇಡ." ಕೈ ಕೂಡಿಕೊಂಡಂತೆಲ್ಲ ನನಗೆ ತಿಳಿಯದ ಹಾಗೆ ವೇಗದ ತಿರುಪನ್ನು ಒಂದು ಕೂದಲೆಳೆ ತಿರುಗಿಸುವಳು. ತೋಟದವರು ನನ್ನನ್ನು ಬಿಡಿಸಲಿಲ್ಲ. ಇವತ್ತಿಗೂ ನಾನು ಉಣ್ಣುವ ಮುದ್ದೆ ಆ ಪೆಟ್ಟಿಗೆಯಿಂದ ಬಂದದ್ದು.

ಅಂಥವಳಿಗೆ ನಾನು ಮಾಡಿದ್ದನ್ನೂ ಬರೆಯಬೇಕು. ಪೆಟ್ಟಿಗೆಯೊಳಗಿನ ಬ್ಯಾಟರಿ ಸತ್ತಿತ್ತು; ಕರೆಂಟ್ ತಪ್ಪಿದರೆ ಕೂಡಿಸಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅದಕ್ಕೇ ಅವಳು ಯುಪಿಎಸ್‌ಗೆ ಹಾಕಿ, ಆರಿಸದೆ ಇಟ್ಟಿದ್ದಳು. ಇದು ನನಗೆ ಗೊತ್ತಿತ್ತು. ಆದರೂ ಒಂದು ಮಧ್ಯಾಹ್ನ ಕ್ರಿಕೆಟ್ ನೋಡುವಾಗ ಫೋನಿನ ಚಾರ್ಜ್ ಮುಗಿದು, ಪೆಟ್ಟಿಗೆಯ ವೈರು ಕಿತ್ತು ನನ್ನ ಚಾರ್ಜರ್ ಚುಚ್ಚಿದೆ.

ಅಕ್ಕ ಬಂದು ನೋಡುವಷ್ಟರಲ್ಲಿ ವೈರನ್ನು ಮೊದಲಿನಂತೆ ಸಿಕ್ಕಿಸಿದ್ದೆ. "ಕರೆಂಟ್ ಹೋಗಿತ್ತು ಕಣಕ್ಕ, ಯುಪಿಎಸ್ಸೂ ಕೈಕೊಡ್ತು" ಎಂದೆ. ಅವಳು ಅಲ್ಲಿ ಇಲ್ಲಿ ಒತ್ತಿ ನೋಡಿದಳು. ನೆನಪು ಮಾಸಿತ್ತೇನೋ, ಏನು ಮಾಡಿದರೂ ಅಪ್ಪನ ಹಾಗೆ ಕೇಳಲಿಲ್ಲ. ಕೆಲವು ದಿನ ಊಟವೂ ಸೇರಲಿಲ್ಲ ಅವಳಿಗೆ. ನಾನು ಎದುರಿಗೇ ಕೂತು ಉಂಡೆ.

ಕೊನೆಗೊಂದು ಬೆಳಗ್ಗೆ, "ಬಾರ್ಲಾ, ಸುಲಿ" ಎಂದಳು. ನಾನು ಸುಲಿಯುತ್ತ ಹೋದೆ. ಅವಳು ಕಣ್ಣು ಮುಚ್ಚಿ ಕೇಳುತ್ತ, ಮೊಂಡು ಬೆರಳಿನಿಂದ ಒಂದೊಂದೇ ಗುಂಡಿ ಒತ್ತಿದಳು. ಓಡಿಸಿದರೆ ಅಪ್ಪನದೇ ಸದ್ದು! ಕೊನೆಯ ಚರ್ ಆದಮೇಲೆ ಮಾತ್ರ ಪುಟ್ಟದೊಂದು ಟಕ್ ಹೆಚ್ಚಾಗಿತ್ತು. ಸುಲಿದ ಕಾಯಿ ಕೈಯಿಂದ ಜಾರೀತೆಂದು ನಾನು ಅದನ್ನು ಗೂಟಕ್ಕೊಮ್ಮೆ ತಾಗಿಸಿಕೊಳ್ಳುವ ಅಭ್ಯಾಸ ಅದು.

"ಅದನ್ನ ತೆಗಿಯಕ್ಕ. ಅಪ್ಪಂಗೆ ಅದಿರ್ಲಿಲ್ಲ."

"ಅದು ನಿಂದು. ಇರ್ಲಿ ಬುಡು."

ಹೋದ ವರ್ಷ ಅವಳು ಕಾಯಿಲೆ ಬಿದ್ದು ತುಮಕೂರಿನ ಆಸ್ಪತ್ರೆಯಲ್ಲಿದ್ದಾಗ ಬಾಯಿಬಿಟ್ಟೆ. "ಅಕ್ಕ, ಅವತ್ತು ಕರೆಂಟ್ ಹೋಗಿರ್ಲಿಲ್ಲ."

"ಗೊತ್ತು ಕಣ್ಲಾ. ಕರೆಂಟ್ ಇಲ್ದೇನೇ ನಿನ್ ಫೋನು ಹೊಟ್ಟೆ ತುಂಬಿಸ್ಕೊಂಡಿತ್ತಲ್ಲ!" ನಗು ಕೆಮ್ಮಾಯಿತು.

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಸುಲಿಯಾಕೆ ನಿಲ್ತಿದ್ದಾ ನೀನು? ಮಕ ಊದಿಸ್ಕೊಂಡು ಊರ್ಬುಟ್ಟು ಕಿಬ್ಬನಹಳ್ಳಿ ಬಸ್ ಹತ್ತಿರ್ತಿದ್ದೆ."

ಅವಳು ಆಸ್ಪತ್ರೆಯಿಂದ ಮತ್ತೆ ಮನೆಗೆ ಬರಲಿಲ್ಲ. ಪೆಟ್ಟಿಗೆಗೆ ಮಾತ್ರ ಮೊದಲೇ ಹೊಸ ಬ್ಯಾಟರಿ ಹಾಕಿಸಿ ಹೋಗಿದ್ದಾಳೆ. ಸುಲಿಯುವ ದಿನ ಅದನ್ನು ಪಕ್ಕದಲ್ಲಿಟ್ಟು ಓಡಿಸುತ್ತೇನೆ. ಕೆಂಪು ಬೆಳಕು ಅಪ್ಪನ ಗುಂಡಿಗಳನ್ನೆಲ್ಲ ದಾಟಿ ನನ್ನ ಗುಂಡಿಗೆ ಬರುತ್ತದೆ. ಕೈ ಪಳಗಿದೆ, ಈಗ ಕಾಯಿ ಜಾರುವುದಿಲ್ಲ. ಆದರೂ ಗೂಟಕ್ಕೊಮ್ಮೆ ತಾಗಿಸಿಯೇ ಮುಂದಿನದನ್ನು ಎತ್ತಿಕೊಳ್ಳುತ್ತೇನೆ.