ಸುಡದ ಮಣ್ಣು

ತಿಂಗಳಿಗೊಮ್ಮೆ ನನಗೆ ಅವ್ವನ ಮೇಲೆ ಸಿಟ್ಟು ಬರುತ್ತಿತ್ತು. ಹುಣ್ಣಿಮೆಯ ಸಂಜೆ ರಾಯಾಪುರದ ನಮ್ಮ ಮನೆಯಲ್ಲಿ ಬುದ್ಧವಂದನೆ. ಬುದ್ಧನ ಮುಂದೊಂದು ಮೇಣಬತ್ತಿ, ಅಪ್ಪನ ಫೋಟೋದ ಮುಂದೊಂದು, ಅಜ್ಜ ಅಜ್ಜಿಯ ಮುಂದೊಂದು. ಅವಕ್ಕೆಲ್ಲ ಹಿತ್ತಾಳೆಯ ಸ್ಟ್ಯಾಂಡುಗಳಿವೆ. ಅಷ್ಟಕ್ಕೆ ಮುಗಿಸದೆ ಅವ್ವ ಇನ್ನೊಂದು ಬತ್ತಿಯನ್ನು ಬರೀ ನೆಲದ ಮೇಲೆ, ಯಾವ ಫೋಟೋವೂ ಇಲ್ಲದ ಮೂಲೆಯಲ್ಲಿ ಅಂಟಿಸುತ್ತಿದ್ದಳು. ಮರುದಿನ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಟೈಲ್ಸಿಗೆ ಅಂಟಿದ ಮೇಣ ಕೆರೆಯುವುದು ನನ್ನ ಪಾಲಿನ ಕೆಲಸ. ಪಾಠ ಮಾಡುವಾಗಲೂ ಉಗುರಿನಲ್ಲಿ ಮೇಣ ಉಳಿದಿರುತ್ತಿತ್ತು.

ಅದು ದೊಡ್ಡವ್ವನ ಬತ್ತಿ. ಅವ್ವನ ಒಬ್ಬಳೇ ಅಕ್ಕ. ಸುಳ್ಳ ಗ್ರಾಮದ ತವರುಮನೆಯಲ್ಲಿ, ಮದುವೆಗೆ ಮೊದಲೇ, ಜ್ವರ ಬಂದು ತೀರಿಕೊಂಡವಳು. ಫೋಟೋ ತೆಗೆಸುವ ಅನುಕೂಲ ಆಗ ಆ ಮನೆಗೆ ಇರಲಿಲ್ಲ. ಇಷ್ಟು ವರ್ಷ ಮೇಣ ಕೆರೆದಿದ್ದೇನೆ, ಅವಳ ಮೂಗಾದರೂ ಹೇಗಿತ್ತು ಹೇಳು ಎಂದು ನಾನು ಕಾಡಿಸುತ್ತಿದ್ದೆ. ಅವ್ವ ನಗುತ್ತ ತನ್ನ ಮೂಗನ್ನೇ ಹಿಡಿದು ತೋರಿಸುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಕೇಳಿದಾಗ ಮಾತ್ರ ನಗಲಿಲ್ಲ. ಬತ್ತಿಯನ್ನೇ ನೋಡುತ್ತ ಕೂತು, "ಅಕ್ಕನ ಮಾರಿ ನೆನಪಿಗೆ ಬರವಲ್ದು" ಅಂದಳು.

ದೊಡ್ಡವ್ವನನ್ನು ಕಣ್ಣಾರೆ ಕಂಡವರಲ್ಲಿ ಬದುಕಿರುವವಳು ಅವ್ವ ಒಬ್ಬಳೇ. ಅವಳೂ ಮರೆತರೆ ಆ ಮುಖ ಮತ್ತೆಲ್ಲಿಯೂ ಸಿಗುವುದಿಲ್ಲ.

ಮಳೆಗಾಲದಲ್ಲಿ ತವರುಮನೆಯ ಹಿಂದಿನ ಗೋಡೆ ಬಿತ್ತು. ಅದನ್ನು ತೆಗೆದು ಸಿಮೆಂಟಿನದು ಕಟ್ಟುತ್ತೇವೆಂದು ತೀರಿಹೋದ ಮಾವನ ಮಗ ಫೋನ್ ಮಾಡಿದ. ಅವ್ವ ಹಟ ಹಿಡಿದಳು: ಅದರ ಮಣ್ಣು ಸ್ವಲ್ಪ ಬೇಕೇ ಬೇಕು. ಆ ಗೋಡೆಯ ಮಣ್ಣು ಹದ ಮಾಡಿದವರು ಅವ್ವ, ದೊಡ್ಡವ್ವ ಇಬ್ಬರೇ. ಊರ ಕೆರೆಯ ಮಣ್ಣಿಗೆ ನಮ್ಮವರು ಕೈ ಹಚ್ಚುವಂತಿರಲಿಲ್ಲ. ಹಳ್ಳದ ದಂಡೆಯಿಂದ ಬುಟ್ಟಿಯಲ್ಲಿ ಹೊತ್ತು ತಂದದ್ದು. ತಂಗಿ ಹೊಟ್ಟು ಉದುರಿಸುತ್ತಿದ್ದಳು, ಅಕ್ಕ ತುಳಿಯುತ್ತಿದ್ದಳು. ನಾನು ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹೆಂಟೆ ತಂದೆ. ಅದರಿಂದ ದೊಡ್ಡವ್ವನ ಬತ್ತಿಗೆ ಸ್ಟ್ಯಾಂಡು ಮಾಡುವ ಯೋಚನೆ ನನ್ನದೇ.

ನೀರು ಹಾಕಿದಾಗ ಎದ್ದ ವಾಸನೆಗೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಳು. ನಾನು ನಾದತೊಡಗಿದೆ. ಹಳೆಯ ಹೊಟ್ಟು ಇನ್ನೂ ಬೆರಳಿಗೆ ತಾಗುತ್ತಿತ್ತು. ಒಮ್ಮೆ ಒಳಗಿನಿಂದ ಯಾರೋ ನನ್ನ ಅಂಗೈಯನ್ನು ಒತ್ತಿದಂತಾಗಿ ಕೈ ಎಳೆದುಕೊಂಡೆ. ಅವ್ವನಿಗೆ ಹೇಳಲಿಲ್ಲ.

ಮೊದಲನೆಯದು ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಇನ್ನೊಂದು ಒಣಗುವಾಗ ಸೀಳಿತು. ಎರೆಮಣ್ಣಿನ ಗುಣವೇ ಅದು. ಬೂದಿ ಸೇರಿಸು, ಬಿಸಿಲಿಗಿಡದೆ ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿಡು ಎಂದು ಅವ್ವ ಹೇಳಿಕೊಟ್ಟಳು. ಕೊನೆಗೂ ಒಂದು ನಿಂತಿತು: ಅಂಗೈಯಗಲದ ತಟ್ಟೆ, ನಡುವೆ ಬತ್ತಿ ಕೂರುವಷ್ಟು ಕುಳಿ, ಹಿಡಿಯಲು ಸೊಟ್ಟ ಕಿವಿ.

ಕುಂಬಾರರ ಆವಿಗೆಯಲ್ಲಿ ಸುಡಿಸೋಣ, ಹಸಿಮಣ್ಣು ನೀರು ಬಿದ್ದರೆ ಕರಗುತ್ತದೆ ಎಂದೆ. ಅವ್ವ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು.

"ನಮ್ಮಕ್ಕನ್ನ ಸುಟ್ಟಿಲ್ಲವ್ವಾ, ಮಣ್ಣಾಗ ಇಟ್ಟೇವಿ. ಇದನ್ನೂ ಸುಡಬ್ಯಾಡ."

ಅವಳ ಕೈಯಿಂದ ಅದನ್ನು ತಿರುಗಿ ತೆಗೆದುಕೊಂಡು ನೆರಳಿಗೇ ಇಟ್ಟೆ.

ಮುಂದಿನ ಹುಣ್ಣಿಮೆಗೆ ವಂದನೆ ಮುಗಿದ ಮೇಲೆ ಅವ್ವ ಟ್ಯೂಬ್‌ಲೈಟ್ ಆರಿಸಿದಳು. ನಾನು ಮೂಲೆಯಲ್ಲಿ ಕೂತು, ಬಗ್ಗಿ, ಹೊಸ ಸ್ಟ್ಯಾಂಡಿನ ಬತ್ತಿ ಹಚ್ಚಿದೆ. ಬಿಸಿಗೆ ಹಳೆಯ ಗೋಡೆಯ ವಾಸನೆ ಎದ್ದಿತು. ತಲೆಯೆತ್ತಿದರೆ ಅವ್ವ ಬತ್ತಿಯನ್ನು ನೋಡುತ್ತಿರಲಿಲ್ಲ. ಕೆಳಗಿನಿಂದ ಬೆಳಕು ಬಿದ್ದ ನನ್ನ ಮುಖವನ್ನೇ ನೋಡುತ್ತಿದ್ದಳು. ಅಲುಗಾಡಬೇಡವೆಂದು ಕೈಸನ್ನೆ ಮಾಡಿದಳು. ಆಮೇಲೆ, ನಾನೆಂದೂ ಕೇಳದ ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು:

"ಅಕ್ಕಾ, ಈಗ ಬಂದ್ಯಾ?"

ಅವ್ವನಿಗೆ ಆ ಮುಖ ಸಿಕ್ಕಿತ್ತು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಹೆದರಿಕೆಯೇ ಹೆಚ್ಚಾಗಿತ್ತು. ನಾನು ನಿನ್ನ ಮಗಳು ಎನ್ನಲು ಬಾಯಿ ತೆರೆದವಳು, ಅವ್ವ ಸನ್ನೆ ಮಾಡಿದಂತೆ ಹಾಗೇ ಕೂತೆ. ಬತ್ತಿ ಆರಿ ಲೈಟು ಹಾಕಿದ ಮೇಲೆ ಅವ್ವ ಎಂದಿನಂತೆ ನನ್ನನ್ನು ಊಟಕ್ಕೆ ಕರೆದಳು.

ಈಗ ಟೈಲ್ಸಿಗೆ ಮೇಣ ಅಂಟುವುದಿಲ್ಲ, ಕೆರೆಯುವ ಕೆಲಸ ತಪ್ಪಿದೆ. ಅದರ ಬದಲು ಪ್ರತಿ ಹುಣ್ಣಿಮೆಗೆ, ಆ ಬತ್ತಿ ಪೂರ್ತಿ ಉರಿದು ಮುಗಿಯುವವರೆಗೆ, ಫೋಟೋ ಇಲ್ಲದ ಆ ಮೂಲೆಯಲ್ಲಿ ನಾನು ಅಲುಗಾಡದೆ ಕೂರಬೇಕು.