ಬಾಣಂತಿಗೆ ಹೇಳಬಾರದ ಸುದ್ದಿ

ಮೊನ್ನೆ ಮಂಗಳವಾರ ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಒಂದು ಸುಳ್ಳು ಹೇಳಲು ನಿಶ್ಚಯಿಸಿದೆವು. ನಾನೂ ಇದ್ದೆ. (ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡೇ ಹೋಗಿದ್ದೆ.)

ವಿಜಾಪುರದ ಇಬ್ರಾಹಿಂಪುರದಲ್ಲಿ ನಮ್ಮ ಮನೆಯಿಂದ ಮೂರನೆಯದು ಗಂಗವ್ವನ ಮನೆ. ಅವಳ ಸೊಸೆ ಶಾಂತಾ ಹಡೆದು ಹನ್ನೆರಡು ದಿನ. (ಹೆಸರು ಬದಲಿಸಿದ್ದೇನೆ. ಈ ಪತ್ರಿಕೆಯೂ ಅವರ ಮನೆಗೆ ಬರುವುದಿಲ್ಲ.) ಅಂದು ಬೆಳಿಗ್ಗೆ ಅವಳ ತವರು ಬಿಜ್ಜರಗಿಯಿಂದ ಸುದ್ದಿ ಬಂದಿತ್ತು. ಶಾಂತಾಳ ಅವ್ವ ತೀರಿಕೊಂಡಿದ್ದಳು. ಸಂಜೆಗೆ ಮಣ್ಣು.

ಗಂಗವ್ವ ನಮ್ಮನ್ನು ಹಿತ್ತಲಿಗೆ ಕರೆದಳು.

"ನೋಡ್ರೆವ್ವಾ, ಹಸಿ ಬಾಣಂತಿ. ಈಗ ಹೇಳಿದ್ರ ಎದಿಹಾಲು ಬತ್ತತಾವ. ಯಾರೂ ಬಾಯಿ ಬಿಡಬ್ಯಾಡ್ರಿ. ಕೇಳಿದ್ರ ನಿಮ್ಮವ್ವಗ ಮೊಣಕಾಲ ಬ್ಯಾನಿ, ಅದಕ್ಕ ಬಂದಿಲ್ಲ ಅನ್ರಿ."

ಎಲ್ಲರೂ ತಲೆಯಾಡಿಸಿದರು. ಮೊಣಕಾಲ ಬ್ಯಾನಿ. ಇವರಿಗೆ ಬೇರೆ ಜಡ್ಡೇ ಸಿಗುವುದಿಲ್ಲವೇ?

ನನಗೂ ಅದನ್ನೇ ಹೇಳಿದ್ದರು.

ಒಂಬತ್ತು ವರ್ಷದ ಹಿಂದಿನ ಮಾತು. ನನ್ನ ಮೊದಲೆರಡು ಬಾಣಂತನ ತಿಕೋಟಾದ ತವರಿನಲ್ಲಿ ಆದವು. ಮೂರನೆಯದು ಇಲ್ಲೇ ವಿಜಾಪುರದಲ್ಲಿ, ಗಂಡನ ಮನೆಯಲ್ಲಿ. ಇಬ್ಬರು ಮಕ್ಕಳ ತಾಯಿ, ಇನ್ನೂ ಅವ್ವ ಯಾಕೆ ಬೇಕು ಅಂತೀರಾ? ಬೇಕಾಗಿತ್ತು. ಮೊದಲ ಸಲಕ್ಕಿಂತ ಹೆಚ್ಚು ಬೇಕಾಗಿತ್ತು. ಮೊದಲ ಸಲ ಏನೂ ಗೊತ್ತಿರಲಿಲ್ಲ, ಹಾಗಾಗಿ ಅಂಜಿಕೆಯೂ ಇರಲಿಲ್ಲ. ಮೂರನೆಯ ಸಲಕ್ಕೆ ಎಲ್ಲ ಗೊತ್ತಿತ್ತು. ಎಣ್ಣೆ ಹಚ್ಚಿ ಎರೆಯುವವರು ಸಿಕ್ಕರು. "ನೀ ಒಂದೀಟು ಮಲಕ್ಕೊ, ಕೂಸಿನ್ನ ನಾ ನೋಡ್ತೀನಿ" ಅನ್ನುವವರು ಸಿಗಲಿಲ್ಲ.

ಐದನೆಯ ದಿನ ಬರುತ್ತೇನೆ ಎಂದಿದ್ದ ಅವ್ವ ಬರಲಿಲ್ಲ. ಬುತ್ತಿ ಬಂತು. ಪ್ರತಿ ಸೋಮವಾರ ತಿಕೋಟಾ ಬಸ್ಸಿನ ಕಂಡಕ್ಟರ್ ಕೈಯಲ್ಲಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಜೋಳದ ರೊಟ್ಟಿ, ಬೆಳ್ಳುಳ್ಳಿ ಖಾರ, ಅಂಟಿನುಂಡಿ. ನಮ್ಮ ಮನೆಯವರು (ಗಾಂಧಿ ಚೌಕದ ಕಾಳಿನ ಅಂಗಡಿಯಲ್ಲಿ ಗುಮಾಸ್ತರು) ಸ್ಟ್ಯಾಂಡಿಗೆ ಹೋಗಿ ತರುತ್ತಿದ್ದರು.

"ಅವ್ವ ಯಾಕ ಬಂದಿಲ್ರಿ?"

"ಮೊಣಕಾಲ ಬ್ಯಾನಿ ಅಂತ," ಎಂದು ಗೋಡೆಯ ಕಡೆ ನೋಡುತ್ತಿದ್ದರು.

ಹೆಸರಿಡುವ ದಿನಕ್ಕೂ ಬರಲಿಲ್ಲ. ಅವ್ವನ ತಂಗಿ, ಬಬಲೇಶ್ವರದ ಚಿಗವ್ವ, ಬಂದು ಕೂಸನ್ನು ತೊಟ್ಟಿಲಿಗೆ ಹಾಕಿದಳು. ಅವಳ ಕಣ್ಣು ಕೆಂಪಗಿದ್ದವು. "ಬಸ್ಸಿನಾಗ ಧೂಳ ಭಾಳವಾ," ಎಂದಳು. ನಂಬಿದೆ.

ನಂಬಿ, ಸಿಟ್ಟಾದೆ. ಅಣ್ಣನ ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ಹೊಲದ ತನಕ ನಡೆಯುವವಳಿಗೆ ನನ್ನ ಮನೆಗೆ ಬರಲು ಮಾತ್ರ ಮೊಣಕಾಲು ನೋಯುತ್ತವೆಯೇ?

ಆರನೆಯ ಸೋಮವಾರ ಬುತ್ತಿ ಬಿಚ್ಚಿದೆ. ಆ ಸಲವೂ ರೊಟ್ಟಿ ದಪ್ಪ, ಅಂಚು ಸೀಳಿದ್ದವು. ಅವ್ವನ ರೊಟ್ಟಿ ಎಂದೂ ಹಾಗೆ ಇರುತ್ತಿರಲಿಲ್ಲ. ನನ್ನ ಪಾಲಿಗೆ ಬಂದರೆ ಆಕೆಗೆ ಕೈಯೂ ಆಡುವುದಿಲ್ಲ ಎಂದುಕೊಂಡು ಗಂಟನ್ನು ಹಾಗೆಯೇ ಕಟ್ಟಿ ಗಂಡನ ಮುಂದೆ ಇಟ್ಟೆ.

"ತಿರುಗಿ ಕಳಸ್ರಿ. ಬುತ್ತಿನೂ ಬ್ಯಾಡ, ಆಕಿನೂ ಬ್ಯಾಡ ಅಂತ ಹೇಳ್ರಿ."

ಅವರು ಗಂಟು ತೆಗೆದುಕೊಂಡು ಹೋದರು.

ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ನನ್ನನ್ನು ತಿಕೋಟಾಕ್ಕೆ ಕರೆದೊಯ್ದರು. ಬಾಗಿಲಲ್ಲಿ ಅಣ್ಣನ ಹೆಂಡತಿ ಕಾಲಿಗೆ ನೀರು ಕೊಟ್ಟಳು. ಅವಳನ್ನು ಮಾತನಾಡಿಸದೆ "ಅವ್ವಾ" ಎನ್ನುತ್ತ ನೇರ ಅಡಿಗೆ ಮನೆಗೆ ನಡೆದೆ. ಒಲೆಯ ಮುಂದೆ ಅವ್ವ ಕೂಡುತ್ತಿದ್ದ ಮಣೆಯನ್ನು ಗೋಡೆಗೆ ಆನಿಸಿ ಇಟ್ಟಿದ್ದರು. ಬುಟ್ಟಿಯಲ್ಲಿ ರೊಟ್ಟಿ. ದಪ್ಪ ರೊಟ್ಟಿ.

ಅಣ್ಣ ಹಿಂದೆಯೇ ಬಂದ. "ನೀ ಹಡದ ನಾಕನೇ ದಿನಕ್ಕ ಹೋದಳವಾ. ನಿನ್ನ ಕಡೆ ಬರಾಕಂತ ಗಂಟ ಕಟ್ಟಿ ಇಟ್ಟಿದ್ಳು. ಹೇಳಿದ್ರ ಹಾಲ ಬತ್ತತಾವ ಅಂತ ಎಲ್ಲಾರೂ ಅಂದ್ರು. ನಾ ಏನ ಮಾಡ್ಲಿ?"

ಅವನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ರೊಟ್ಟಿ ನಾನ ಬಡೀತಿದ್ದೆ, ತಂಗಿ. ಅತ್ತಿ ಕೈ ನನಗ ಬರಲಿಲ್ಲ."

ಎಂಬತ್ತಾರು ದಿನ. ಎಂಬತ್ತಾರು ದಿನ ನಾನು ಸತ್ತವಳ ಮೇಲೆ ಸಿಟ್ಟು ಮಾಡಿದ್ದೆ.

ಅಷ್ಟರಲ್ಲಿ ಕೂಸು ಅತ್ತಿತು. ಅಳುತ್ತಲೇ ಎದೆಗೆ ಹಚ್ಚಿಕೊಂಡೆ. ಹಾಲು ಬಂತು. ಮರುದಿನವೂ ಬಂತು. ವರ್ಷ ತುಂಬುವವರೆಗೆ ಬತ್ತಲಿಲ್ಲ. ಅಂದ ಮೇಲೆ ಅವ್ವನ ಮುಖ ನನಗೆ ಯಾಕೆ ತಪ್ಪಿಸಿದರು?

ಶಿವ ಕೊಟ್ಟದ್ದನ್ನು ಎಣಿಸುವುದು ನನ್ನ ದಿನದ ರೂಢಿ. ಕೂಸು ಉಳಿಯಿತು. ಗಂಡ ಕೈ ಎತ್ತುವವರಲ್ಲ. ತವರಿನ ಬಾಗಿಲು ಮುಚ್ಚಲಿಲ್ಲ. ಹೀಗೆ ಎಣಿಸುತ್ತ ಎಣಿಸುತ್ತ ಆ ತಿರುಗಿ ಕಳಿಸಿದ ಬುತ್ತಿಗೆ ಬಂದು ನಿಲ್ಲುತ್ತೇನೆ. ಮುಂದೆ ಸಾಗುವುದಿಲ್ಲ. ಒಂಬತ್ತು ವರ್ಷದಿಂದ ಒಂದು ದಿನವೂ ಸಾಗಿಲ್ಲ.

ಅದಕ್ಕೇ ಮೊನ್ನೆ ಗಂಗವ್ವನ ಹಿತ್ತಲಲ್ಲಿ ನಿಂತು ಗಟ್ಟಿ ಮಾಡಿಕೊಂಡೆ. ಶಾಂತಾಗೆ ಹೇಳಿಬಿಡುವುದು. ಸಂಜೆಗೆ ಮಣ್ಣು ಅಂದರೆ ಇನ್ನೂ ಹೊತ್ತಿದೆ. ಒಂದು ಗಾಡಿ ಮಾಡಿಕೊಂಡು ಹೋದರೆ ಮುಖವಾದರೂ ಸಿಕ್ಕೀತು.

ಒಳಗೆ ಹೋದೆ. ಕತ್ತಲು ಕೋಣೆ, ಲೋಬಾನದ ಹೊಗೆ. ಶಾಂತಾ ಹಾಲೂಡಿಸುತ್ತಿದ್ದಳು. ಕೂಸು ಅಂಗೈಯಷ್ಟು.

"ಬರ್ರಿ ಅಕ್ಕಾರ. ನಮ್ಮವ್ವ ಯಾವಾಗ ಬರ್ತಾಳಂತ್ರಿ? ಇವರೆಲ್ಲಾ ಏನೋ ಮುಚ್ಚಾಕತ್ತಾರ. ನೀವರ ಖರೇ ಹೇಳ್ರಿ."

ಬಾಯಿ ತೆರೆದೆ. ಕೂಸಿನ ಗಂಟಲಲ್ಲಿ ಹಾಲು ಇಳಿಯುವ ಸಪ್ಪಳ ಕೇಳಿಸುತ್ತಿತ್ತು. ಒಂದು ವೇಳೆ ಬತ್ತಿದರೆ? ನನಗೆ ಬತ್ತಲಿಲ್ಲ, ನಿಜ. ಆದರೆ ನನಗೆ ಹೇಳಿದಾಗ ಕೂಸಿಗೆ ಮೂರು ತಿಂಗಳು. ಇದಕ್ಕೆ ಹನ್ನೆರಡು ದಿನ.

"ಮೊಣಕಾಲ ಬ್ಯಾನಿ ಅಂತವ್ವಾ," ಎಂದೆ. "ಕಡಿಮಿ ಆದ ಕೂಡ್ಲೆ ಬರ್ತಾಳ."

ಶಾಂತಾ ಮುಖ ಸಣ್ಣದು ಮಾಡಿದಳು. "ಹೊಲಕ್ಕ ಹೋಗಾಕ ಆಕಿಗೆ ಯಾವ ಬ್ಯಾನಿನೂ ಇಲ್ರಿ. ನನ್ನ ಕಡೆ ಬರಾಕಷ್ಟ ಬ್ಯಾನಿ, ನೋಡ್ರಿ."

ಸಂಜೆ ದೇವರ ಮುಂದೆ ದೀಪ ಹಚ್ಚಿದೆ. ಕೈ ಮುಗಿಯಲು ಆಗಲಿಲ್ಲ.

ನಲವತ್ತರ ಹತ್ತಿರ ಬಂದಿದ್ದೇನೆ, ಮೂರು ಮಕ್ಕಳ ತಾಯಿ. ಆ ಹುಡುಗಿಗೆ ಏನು ಹೇಳಬೇಕಾಗಿತ್ತು ಎಂದು ನನ್ನ ಅವ್ವನನ್ನು ಕೇಳಿಕೊಂಡು ಬರಬೇಕಾಗಿದೆ. ಯಾವ ಬಸ್ಸು ಹತ್ತಲಿ?